ಬಲಗಾಲಿನ ಹೆಬ್ಬೆರಳು

"ಒಳಗೆ ಉಪ್ಪಿನಕಾಯಿ ಹಾಕ್ತಿದೀರಾ ಹೇಗೆ?" ಬಚ್ಚಲುಮನೆಯ ಬಾಗಿಲಿನಾಚೆಯಿಂದ ಅಂಬುಜಾ ಕೇಳಿದಳು.

ಶಂಕರನಾರಾಯಣ ಪ್ಯಾಂಟು ಮಡಚಿಕೊಂಡು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದ. ಬಲಗಾಲು ನೀಲಿ ಟಬ್ಬಿನೊಳಗಿತ್ತು. ಟಬ್ಬಿನಲ್ಲಿ ಒಂದು ಪಾಲು ವಿನೆಗರ್, ಎರಡು ಪಾಲು ಬಿಸಿನೀರು. ಹೀಗೆ ದಿನಾ ಮಾಡಿದರೆ ಉಗುರಿನ ಫಂಗಸ್ ಹೇಳಹೆಸರಿಲ್ಲದಂತೆ ಹೋಗುತ್ತದೆಂದು ಫೋನಿನ ವಿಡಿಯೋದಲ್ಲಿ ಒಬ್ಬಾತ ಭರವಸೆ ಕೊಟ್ಟಿದ್ದ. ವಾಸನೆಯ ಬಗ್ಗೆ ಆತ ಏನೂ ಹೇಳಿರಲಿಲ್ಲ.

"ಮೋರಿ ಕಟ್ಕೊಂಡಿದೆ ಅಂತಿದ್ಯಲ್ಲ. ಅದಕ್ಕೆ ವಿನೆಗರ್ ಬಿಡ್ತಿದೀನಿ," ಎಂದ.

ಮದುವೆಯಾದಾಗಿನಿಂದ ಅವನು ತಾನಾಗಿ ಮೋರಿಯ ಕಡೆ ತಿರುಗಿ ನೋಡಿದವನಲ್ಲ.

"ಪರವಾಗಿಲ್ವೇ," ಎಂದಳು ಅಂಬುಜಾ. "ಹಾಗೇ ಅಡಿಗೆಮನೆ ಸಿಂಕಿಗೂ ಸ್ವಲ್ಪ ಬಿಟ್ಬಿಡಿ. ನೀರು ಇಳೀತಾನೇ ಇಲ್ಲ."

ಆಡಿದ ಸುಳ್ಳಿಗಾಗಿ ಅವನು ಅಂದೇ ಇನ್ನೊಂದು ಬಾಟಲಿ ತಂದು, ಅಡಿಗೆ ಸೋಡಾ ಬೆರೆಸಿ, ಸಿಂಕಿಗೆ ಸುರಿದ. ನೀರು ಗೊಳಗೊಳ ಎಂದು ಇಳಿಯಿತು. ವಿನೆಗರಿನಿಂದ ಆ ಮನೆಗೆ ಆದ ಲಾಭ ಅದೊಂದೇ.

ತೊಂದರೆ ಇದ್ದದ್ದು ಬಲಗಾಲಿನ ಹೆಬ್ಬೆರಳಿನಲ್ಲಿ. ಶಂಕರನಾರಾಯಣ ಚೆನ್ನೈನ ಗಿಂಡಿಯ ಒಂದು ವಿಮಾ ಕಂಪನಿಯಲ್ಲಿ ವಾಹನಗಳ ಸರ್ವೇಯರ್. ಎಲ್ಲಿಯಾದರೂ ಕಾರು ಗುದ್ದಿಕೊಂಡರೆ ಗ್ಯಾರೇಜಿಗೆ ಹೋಗಿ, ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಯಾವುದು ಅಪಘಾತದಿಂದ ಆದ ಹಾನಿ, ಯಾವುದು ಮೊದಲಿನಿಂದಲೇ ಇದ್ದ ಹಾನಿ ಎಂದು ತೀರ್ಮಾನಿಸುವುದು ಅವನ ಕೆಲಸ. ಮಗಳು ಕೃತಿ ಹನ್ನೆರಡನೇ ಕ್ಲಾಸಿನ ಪರೀಕ್ಷೆ ಬರೆಯುತ್ತಿದ್ದ ವರ್ಷ, ಇಂಥದೇ ಒಂದು ಗ್ಯಾರೇಜಿನಲ್ಲಿ ಕಾರು ಎತ್ತುವ ಜಾಕು ಜಾರಿ ಅವನ ಕಾಲ ಮೇಲೆ ಬಿತ್ತು. ಉಗುರು ಕಪ್ಪಾಯಿತು, ಉದುರಿತು, ಮತ್ತೆ ಬಂತು. ಬಂದದ್ದು ಹಳದಿಯಾಗಿ, ದಪ್ಪವಾಗಿ, ಅಂಚು ಪುಡಿಪುಡಿಯಾಗಿ, ಒಣಶುಂಠಿಯ ತುಂಡಿನ ಹಾಗೆ ಬಂತು. ಚೆನ್ನೈನ ಸೆಕೆಯಲ್ಲಿ ದಿನವಿಡೀ ಬೂಟಿನೊಳಗೆ ಬೆವರುವ ಕಾಲು ಶಿಲೀಂಧ್ರಕ್ಕೆ ಬಾಡಿಗೆಯಿಲ್ಲದ ಮನೆ. ನೋವಿರಲಿಲ್ಲವಾದ್ದರಿಂದ ಡಾಕ್ಟರ ಹತ್ತಿರ ಹೋಗಲಿಲ್ಲ.

ಉಗುರಿನ ವಿಷಯ ಅಂಬುಜಾಗೆ ಗೊತ್ತಿಲ್ಲದ್ದೇನಲ್ಲ. "ಆ ಜಾಕು ಬಿದ್ದ ಉಗುರು" ಎಂದು ಮನೆಯಲ್ಲಿ ಅದಕ್ಕೆ ಹೆಸರೇ ಇತ್ತು. ಅವಳಿಗೆ ಗೊತ್ತಿಲ್ಲದಿದ್ದದ್ದು ಅದರ ಮುಂದಿನ ಕಥೆ.

ಅವರ ಮನೆ ತ್ರಿಪ್ಲಿಕೇನಿನಲ್ಲಿ, ಪಾರ್ಥಸಾರಥಿ ಗುಡಿಯ ಗಂಟೆ ಕೇಳಿಸುವಷ್ಟು ಹತ್ತಿರ. ಶನಿವಾರ ಬೆಳಿಗ್ಗೆ ಇಬ್ಬರೂ ಗುಡಿಗೆ ಹೋಗುವುದು ರೂಢಿ. ಆ ವರ್ಷದ ಧನುರ್ಮಾಸದಲ್ಲಿ, ಉಗುರು ಅರ್ಧ ವಾಪಸು ಬಂದಿದ್ದಾಗ, ದರ್ಶನದ ಸಾಲಿನಲ್ಲಿ ಅವನ ಹಿಂದೆ ನಿಂತಿದ್ದ ಹೆಂಗಸೊಬ್ಬಳು ತನ್ನ ಮಗುವನ್ನು ಸರಕ್ಕನೆ ಪಕ್ಕಕ್ಕೆ ಎಳೆದುಕೊಂಡಳು. ಆ ಮಾಮನ ಕಾಲು ತುಳಿಯಬೇಡ, "ಒಟ್ಟಿಕ್ಕುಂ" ಎಂದು ತಮಿಳಿನಲ್ಲಿ ಪಿಸುಗುಟ್ಟಿದಳು. ಅಂಟಿಕೊಳ್ಳುತ್ತದೆ ಎಂದು. ಮಗು ಬಗ್ಗಿ ಅವನ ಹೆಬ್ಬೆರಳನ್ನೇ ನೋಡಿತು. ಅದರ ಹಿಂದಿದ್ದವರೂ ನೋಡಿದರು. ಅಂಬುಜಾ ಮುಂದೆ ತುಳಸಿ ಕೊಳ್ಳುತ್ತಿದ್ದಳು, ಅವಳಿಗೆ ಕೇಳಿಸಲಿಲ್ಲ.

ಮುಂದಿನ ಶನಿವಾರ ಅವಳು ಕರೆದಾಗ, "ನೀನು ಹೋಗಿ ಬಾ. ನನಗೆ ಇದರಲ್ಲೆಲ್ಲ ಅಂಥ ನಂಬಿಕೆ ಉಳಿದಿಲ್ಲ," ಎಂದುಬಿಟ್ಟ. ಆ ಒಂದು ವಾರ ತಪ್ಪಿಸಿಕೊಳ್ಳಲು ಆಡಿದ ಮಾತು ಅದು. ಆದರೆ ಅಂಬುಜಾ ಬ್ಯಾಂಕಿನವಳು. ಗಂಡನ ಮಾತನ್ನು ಸಹಿ ಬಿದ್ದ ಚೆಕ್ಕಿನಂತೆ ತೆಗೆದುಕೊಂಡಳು. ಮೊದಲು ಅತ್ತಳು. ಆಮೇಲೆ ಮಾತು ಬಿಟ್ಟಳು. ಕೊನೆಗೆ ಗೌರವಿಸತೊಡಗಿದಳು. ಗೌರವ ಶುರುವಾದ ಮೇಲೆ ಅವನಿಗೆ ಹಿಂದಕ್ಕೆ ಬರಲು ದಾರಿ ಉಳಿಯಲಿಲ್ಲ. ಮೈಸೂರಿನ ಅಕ್ಕತಂಗಿಯರು ಫೋನಿನಲ್ಲಿ ಚುಚ್ಚಿದರೆ ಅವಳು ಬಿಟ್ಟುಕೊಡುತ್ತಿರಲಿಲ್ಲ. "ನಮ್ಮನೆಯವ್ರದ್ದು ತತ್ವ ಕಣೇ. ದೇವರೊಬ್ಬನ್ನ ಬಿಟ್ಟು ಮಿಕ್ಕಿದ್ದೆಲ್ಲಾದ್ರಲ್ಲೂ ಸರಿಯಾಗೇ ಇದಾರೆ."

ಚೆನ್ನೈನಲ್ಲಿ ಗುಡಿಯ ಪಕ್ಕದಲ್ಲೇ ಇದ್ದು ಗುಡಿಗೆ ಹೋಗದ ಮನುಷ್ಯ ಬಹಳ ದಿನ ಒಂಟಿಯಾಗಿರುವುದಿಲ್ಲ. ಆಫೀಸಿನ ಇನ್ನೊಬ್ಬ ಸರ್ವೇಯರ್ ಅನ್ಬರಸುವಿಗೆ ಸುದ್ದಿ ಮುಟ್ಟಿತು. ಅನ್ಬರಸು ವಿಚಾರವಾದಿ ಓದುಗರ ಬಳಗದ ಕಾರ್ಯದರ್ಶಿ. ಮೇಲುಕೋಟೆಯ ಕಡೆಯ ಮನೆತನದ, ಜನಿವಾರ ಹಾಕುವ ಮನುಷ್ಯ ಹೀಗೆ ಗಟ್ಟಿಯಾಗಿ ನಿಂತದ್ದು ಅವನಿಗೆ ರೋಮಾಂಚನ ತಂದಿತು. ಅಂದಿನಿಂದ "ಸಾರ್" ಹೋಗಿ "ತೋಳರ್" ಬಂತು, ಸಂಗಾತಿ ಎಂದು. ವರ್ಷಕ್ಕೆರಡು ಪುಸ್ತಕಗಳೂ ಬಂದವು. ಶಂಕರನಾರಾಯಣ ಅವನ್ನು ಮೆಟ್ರೋದಲ್ಲಿ ಓದಿದ. ಓದುತ್ತ ಓದುತ್ತ ಅರ್ಧದಷ್ಟಕ್ಕೆ ಒಪ್ಪಿಗೆಯೂ ಆಗಿತ್ತು. ಹೀಗೆ ಒಂದು ದಶಕ ದಾಟಿತು. ತಾನು ನಾಸ್ತಿಕನೋ ಉಗುರು ಕೆಟ್ಟ ಆಸ್ತಿಕನೋ ಎಂದು ಯಾರಾದರೂ ಕೇಳಿದ್ದರೆ ಅವನಿಗೇ ಹೇಳಲಾಗುತ್ತಿರಲಿಲ್ಲ. ಯಾರೂ ಕೇಳಲಿಲ್ಲ.

ಎಲ್ಲ ಬದಲಾದದ್ದು ಯುಗಾದಿಯ ಮರುದಿನ. ಮೇ ತಿಂಗಳಲ್ಲಿ ಅವನಿಗೆ ಅರವತ್ತು ತುಂಬುವುದಿತ್ತು. ಹೋಮ, ಶಾಂತಿ, ಛತ್ರ ಯಾವುದರ ಮಾತನ್ನೂ ಅಂಬುಜಾ ಎತ್ತಲಿಲ್ಲ. ಉಳಿದ ಹೋಳಿಗೆ ಬಿಸಿ ಮಾಡಿ ತಟ್ಟೆಗೆ ಹಾಕುತ್ತ, ಅವನ ಮುಖ ನೋಡದೆ ಹೇಳಿದಳು.

"ಅವತ್ತೊಂದಿನ ನನ್ನ ಜೊತೆ ಗುಡಿಗೆ ಬರ್ತೀರಾ? ಕೈ ಮುಗಿಯೋದೂ ಬೇಡ, ಏನೂ ಬೇಡ. ಪಕ್ಕದಲ್ಲಿ ನಿಂತ್ಕೊಂಡ್ರೆ ಸಾಕು." ತುಪ್ಪ ಬಡಿಸಿದಳು. "ತತ್ವಕ್ಕೆ ಅಡ್ಡಿ ಆಗುತ್ತೆ ಅಂದ್ರೆ ಬೇಡ ಬಿಡಿ. ಸುಮ್ನೆ ಕೇಳ್ದೆ."

ಬೈದು ಕರೆದಿದ್ದರೆ ಜಗಳವಾಡಬಹುದಿತ್ತು. "ನೋಡೋಣ" ಎಂದ. ಅಷ್ಟಕ್ಕೇ ಅವಳು ಇನ್ನೊಂದು ಹೋಳಿಗೆ ಹಾಕಿದಳು.

ಹೋಗುವುದೆಂದು ಅವನು ಅಲ್ಲೇ ನಿರ್ಧರಿಸಿದ. ಆದರೆ ಆ ಉಗುರನ್ನು ಹೊತ್ತುಕೊಂಡಲ್ಲ. ಕಾಲುಚೀಲ ಬಿಚ್ಚುವಾಗ ತಾನು ಅಳುಕಿದರೆ ಪಕ್ಕದಲ್ಲಿರುವ ಅಂಬುಜಾ ಕಂಡುಹಿಡಿಯುತ್ತಾಳೆ. ಇಷ್ಟು ವರ್ಷ ಅವಳು ಊರಿಗೆಲ್ಲ ಸಮರ್ಥಿಸಿಕೊಂಡು ಬಂದ ತತ್ವ ಯಾವುದೆಂದು ಅವಳಿಗೆ ತಿಳಿದುಹೋಗುತ್ತದೆ. ಉಗುರು ಮೊದಲು ಸರಿಯಾಗಬೇಕು, ತತ್ವ ಆಮೇಲೆ ಸಡಿಲವಾಗಬೇಕು. ಅದು ಮರ್ಯಾದೆಯ ಕ್ರಮ.

ಕಾಲಿನ ಹೆಬ್ಬೆರಳಿನ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರು ಬೆಳೆಯುತ್ತದೆ. ಪೂರ್ತಿ ಹೊಸ ಉಗುರು ಬರಲು ಒಂದು ವರ್ಷದಿಂದ ಒಂದೂವರೆ ವರ್ಷ ಬೇಕು. ಇದನ್ನು ಅವನು ಮೊದಲನೆಯ ದಿನವೇ ಓದಿದ್ದ. ಗ್ಯಾರೇಜಿನವನು ಇಂಥ ಅಂದಾಜು ಕೊಟ್ಟಿದ್ದರೆ ಮರುಮಾತಿಲ್ಲದೆ ಒಪ್ಪುತ್ತಿದ್ದ. ಸ್ವಂತ ಗಾಡಿಯ ಅಂದಾಜಾದ್ದರಿಂದ ಬೇರೆ ಗ್ಯಾರೇಜು ಹುಡುಕಿದ.

ವಿನೆಗರ್ ಆಯಿತು. ಆಮೇಲೆ ವಿಕ್ಸ್. ಮಲಗುವ ಮುಂಚೆ ಉಗುರಿಗೆ ವಿಕ್ಸ್ ಮೆತ್ತಿ ಕಾಲುಚೀಲ ಹಾಕಿಕೊಳ್ಳುವುದು. ಅಂಬುಜಾ ಮೂಗೆತ್ತಿ, "ನೆಗಡಿಯಾ?" ಎಂದಳು. ಹೌದೆಂದದ್ದಕ್ಕೆ ಬೆಳಿಗ್ಗೆ ಕಾಫಿಯ ಬದಲು ಮೆಣಸಿನ ಕಷಾಯ ಬಂತು. ಅದು ನಿಲ್ಲಬೇಕಾದರೆ ವಿಕ್ಸ್ ನಿಲ್ಲಬೇಕಿತ್ತು. ಬೆಳ್ಳುಳ್ಳಿ ಜಜ್ಜಿ ಬೆರಳಿಗೆ ಕಟ್ಟಿಕೊಂಡು ಆಫೀಸಿಗೆ ಹೋದ ದಿನ, ಎಸಿ ಕೋಣೆಯಲ್ಲಿ ಎಲ್ಲರೂ ಊಟದ ಹೊತ್ತಿಗೆ ಮುಂಚೆಯೇ ಡಬ್ಬಿ ಬಿಚ್ಚಿದರು. ಯಾರಿಗೂ ಕಾರಣ ತಿಳಿಯಲಿಲ್ಲ. ವೇಲಚೇರಿಯಲ್ಲಿರುವ ಕೃತಿಗೆ ಫೋನು ಮಾಡಿ, ಆಫೀಸಿನಲ್ಲಿ ಒಬ್ಬರಿಗೆ ಎಂದು ಸುತ್ತಿ ಬಳಸಿ ಕೇಳಿದ.

"ಅಪ್ಪಾ, ಅಂದ ಒಬ್ರು ನೀಂಗದಾನೇ?" ಎಂದಳು ಅವಳು, ಆ ಒಬ್ಬರು ನೀವೇ ತಾನೇ ಎಂದು. ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರಿಸುವುದು ಅವಳ ಹುಟ್ಟುಗುಣ. "ಸ್ಕಿನ್ ಡಾಕ್ಟರ್ ಕಿಟ್ಟ ಪೋಂಗ. ಟೀ ಟ್ರೀ ಆಯಿಲ್ ಅನುಪ್ಪುರೇನ್, ಬಟ್ ಡಾಕ್ಟರ್ ಕಿಟ್ಟ ಪೋಂಗ."

ಅವಳು ಕಳಿಸುತ್ತೇನೆಂದ ಎಣ್ಣೆ ಮರುದಿನವೇ ಮನೆಗೆ ಬಂತು. ಹೋಗಿ ಎಂದರೂ ಡಾಕ್ಟರ ಹತ್ತಿರ ಅವನು ಹೋಗಲಿಲ್ಲ.

ಬಚ್ಚಲಿನ ಕಪಾಟಿನಲ್ಲಿದ್ದ ಅಂಬುಜಾಳ ನೇಲ್ ಪಾಲಿಶ್ ಬಾಟಲಿಯನ್ನೂ ಒಮ್ಮೆ ಕೈಗೆತ್ತಿಕೊಂಡು ಯೋಚಿಸಿದ. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಅವಳು ಕಾಲಿನ ಉಗುರುಗಳಿಗೆ ಮರೂನ್ ಬಣ್ಣ ಹಚ್ಚಲು ಶುರುಮಾಡಿದ್ದಳು. "ಇದೇನು ಈ ವಯಸ್ಸಲ್ಲಿ ಶೋಕಿ? ಅದೂ ಕೈ ಬಿಟ್ಟು ಕಾಲಿಗೆ?" ಎಂದು ಅವನು ರೇಗಿಸಿದ್ದ. "ಕೈ ಪಾತ್ರೆ ತೊಳೀಬೇಕು. ಕಾಲಿಗೇನು ಕೆಲಸ?" ಎಂದಿದ್ದಳು. ಬಾಟಲಿ ತಳ ಕಂಡಿತ್ತು. ಗಂಡಸು ಒಂದೇ ಬೆರಳಿಗೆ ಮರೂನ್ ಹಚ್ಚಿಕೊಂಡು ಸಾಲಿನಲ್ಲಿ ನಿಲ್ಲುವುದನ್ನು ಕಲ್ಪಿಸಿಕೊಂಡು ಅವನು ಅದನ್ನು ಇದ್ದಲ್ಲೇ ಇಟ್ಟ.

ಪ್ರಗತಿಯನ್ನು ಮಾತ್ರ ವೃತ್ತಿಧರ್ಮದಂತೆ ದಾಖಲಿಸುತ್ತಿದ್ದ. ಮುಂದಿನಿಂದ, ಎಡದಿಂದ, ಬಲದಿಂದ, ಪಕ್ಕದಲ್ಲಿ ಸ್ಕೇಲಿಟ್ಟು ಹತ್ತಿರದಿಂದ. ಅದರಿಂದಲೇ ಒಂದು ಅನಾಹುತವೂ ಆಯಿತು. ಒಂದು ಸೋಮವಾರ ಪೋರೂರಿನ ಗ್ಯಾರೇಜಿನಿಂದ ಬಿಳಿ ಕಾರೊಂದರ ಫೋಟೋಗಳನ್ನು ಆಫೀಸಿನ ವಾಟ್ಸಾಪ್ ಗುಂಪಿಗೆ ಕಳಿಸಿದ. ಬಂಪರ್, ಬಾನೆಟ್, ಹೆಡ್‌ಲೈಟಿನ ಬೆನ್ನಿಗೇ ಅವನ ಹೆಬ್ಬೆರಳೂ ಹೋಯಿತು, ಸ್ಕೇಲಿನ ಸಮೇತ. ಕೆಳಗೆ ಅವನೇ ಬರೆದ ಸಾಲು: ಬಲ ಮುಂಭಾಗ, ದುರಸ್ತಿ ಸಾಧ್ಯವೇ ಪರಿಶೀಲಿಸಿ.

ಅಳಿಸುವಷ್ಟರಲ್ಲಿ ಉತ್ತರಗಳು ಬಂದಿದ್ದವು. "ಹಳೆಯ ಹಾನಿ, ಕ್ಲೇಮ್ ಬರುವುದಿಲ್ಲ" ಎಂದು ಒಬ್ಬ. "ಸವೆತ, ಪಾಲಿಸಿಯಲ್ಲಿ ಸೇರಿಲ್ಲ" ಎಂದು ಇನ್ನೊಬ್ಬ. ಅನ್ಬರಸು ಮಾತ್ರ, "ತೋಳರ್, ಇದು ಯಾವ ಮಾಡೆಲ್?" ಎಂದು ನಿಜವಾದ ಕುತೂಹಲದಿಂದ ಕೇಳಿದ್ದ.

ಮೇ ಹತ್ತಿರವಾದಂತೆ ಅವನು ಎದುರುಮನೆಯ ಸುಮತಿಯ ಮೊರೆಹೊಕ್ಕ. ಅವಳ ಬಾಲ್ಕನಿಯಲ್ಲಿ ಮದರಂಗಿಯ ಗಿಡವಿತ್ತು. ಮಳೆಗಾಲದಲ್ಲಿ ಕಾಲಿನ ಬೆರಳ ಸಂದಿ ಕೊಳೆತರೆ ತಮ್ಮ ಕಡೆ ಈ ಮರುದಾಣಿ ಸೊಪ್ಪು ಅರೆದು ಕಟ್ಟುತ್ತಾರೆಂದು ಅವಳು ಹಿಂದೊಮ್ಮೆ ಹೇಳಿದ್ದು ನೆನಪಿತ್ತು. ಸ್ನೇಹಿತರೊಬ್ಬರಿಗೆ ಬೇಕಿತ್ತು ಎಂದ. ಅವಳು ಲೋಟದ ತುಂಬ ಅರೆದು ಕೊಟ್ಟಳು. "ನಿಂಬೆಹಣ್ಣು ಸೇರಿಸಿದೀನಿ ಸಾರ್, ನಲ್ಲಾ ಪಿಡಿಕ್ಕುಂ," ಎಂದಳು.

ಚೆನ್ನಾಗಿಯೇ ಹಿಡಿಯಿತು. ರಾತ್ರಿ ಬೆರಳಿಗೆ ಸುತ್ತಿದ್ದ ಪ್ಲಾಸ್ಟಿಕ್ ಬೆಳಿಗ್ಗೆ ಬಿಚ್ಚಿದಾಗ ಹಳದಿ ಉಗುರು ಕೆಂಡದಂಥ ಕಿತ್ತಳೆಯಾಗಿತ್ತು. ಮೊದಲು ಹತ್ತಿರ ಬಂದವರಿಗೆ ಮಾತ್ರ ಕಾಣುತ್ತಿದ್ದದ್ದು ಈಗ ರಸ್ತೆಯ ಆಚೆಬದಿಯಿಂದಲೂ ಕಾಣುವಂತಿತ್ತು. ಸೋಪು, ನಿಂಬೆ, ಕೊನೆಗೆ ಪಾಲಿಶ್ ತೆಗೆಯುವ ದ್ರವ, ಯಾವುದಕ್ಕೂ ಜಗ್ಗಲಿಲ್ಲ. ಚರ್ಮದ ಮೇಲಿನ ಮದರಂಗಿ ಎರಡು ವಾರದಲ್ಲಿ ಹೋಗುತ್ತದೆ. ಉಗುರಿನ ಮೇಲಿನದು ಉಗುರು ಬೆಳೆದು ಕತ್ತರಿಸಿ ಹೋಗುವ ತನಕ ಇರುತ್ತದೆ. ಅಂದರೆ ಅದೇ, ತಿಂಗಳಿಗೆ ಒಂದೂವರೆ ಮಿಲಿಮೀಟರು.

ಹುಟ್ಟುಹಬ್ಬಕ್ಕೆ ಮುಂಚಿನ ಭಾನುವಾರ ಅಂಬುಜಾ ತರಕಾರಿಗೆ ಹೋಗಿದ್ದಾಗ, ಅವನು ಹಜಾರದಲ್ಲೇ ಟಬ್ಬಿಟ್ಟುಕೊಂಡು ಕೃತಿ ಕಳಿಸಿದ ಎಣ್ಣೆಯ ನೀರಿನಲ್ಲಿ ಕಾಲು ನೆನೆಸುತ್ತಿದ್ದ. ಬಾಗಿಲು ತೆರೆದುಕೊಂಡಿತು. ಅಂಬುಜಾ, ಅವಳ ಹಿಂದೆ ಬೂದುಗುಂಬಳ ಹೊತ್ತ ಅನ್ಬರಸು.

"ಮೆಟ್ಟಿಲ ಹತ್ರ ಸಿಕ್ಕಿದ್ರು. ನಿಮ್ಮನ್ನೇ ನೋಡಕ್ಕೆ ಬಂದ್ರಂತೆ," ಎಂದಳು ಅಂಬುಜಾ.

ಶಂಕರನಾರಾಯಣ ಟಬ್ಬಿನ ಮೇಲೆ ದಿನಪತ್ರಿಕೆ ಹರಡಿದ. ಪತ್ರಿಕೆ ಒದ್ದೆಯಾಗಿ ನಿಧಾನಕ್ಕೆ ಮುಳುಗಿತು.

ಅನ್ಬರಸು ಕುಂಬಳಕಾಯಿ ಇಳಿಸಿ, ಬಗ್ಗಿ ನೋಡಿ, ಮುಖ ಅರಳಿಸಿದ. "ಓ, ಇದುದಾನಾ ಅಂದ ರೈಟ್ ಫ್ರಂಟು?" ಗುಂಪಿಗೆ ಬಂದ ಆ ಬಲ ಮುಂಭಾಗ ಇದೇನಾ ಎಂದು. ಆಮೇಲೆ ಸರ್ವೇಯರನ ಕಣ್ಣಿಂದ ಇನ್ನೊಮ್ಮೆ ನೋಡಿದ. "ಪೇಂಟ್ ಮಾಡ್ಸಿದೀರಾ ತೋಳರ್?" ಬಹಳ ವರ್ಷ ಹೊಸೂರಿನಲ್ಲಿದ್ದ ಅವನು ಕನ್ನಡ ಬಲ್ಲ, ಅಂಬುಜಾಳ ಎದುರು ಅದನ್ನೇ ಆಡುತ್ತಿದ್ದ.

ಅಂಬುಜಾ ಮುಳುಗಿದ ಪತ್ರಿಕೆಯನ್ನು ಸರಿಸಿದಳು. "ಮರುದಾಣಿ," ಎಂದಳು. "ಸುಮತಿ ಕೇಳ್ತಿದ್ರು, ನಿಮ್ಮ ಸ್ನೇಹಿತರಿಗೆ ವಾಸಿ ಆಯ್ತಾ ಅಂತ."

"ಸುಮ್ನೆ, ಹೀಗೇ. ಉಗುರಿಗೆ ಒಳ್ಳೇದು ಅಂದ್ರು."

"ಇಷ್ಟು ವರ್ಷ ಇಲ್ದೆ ಇರೋ ಕಾಳಜಿ," ಎನ್ನುತ್ತ ಅವಳು ಕಾಫಿಗೆ ಹೋದಳು.

ಅನ್ಬರಸು ಬಂದ ಕೆಲಸ ಸಂಭ್ರಮದ್ದು. ಹುಟ್ಟುಹಬ್ಬದ ಸಂಜೆ ಓದುಗರ ಬಳಗದವರು ತೋಳರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಗುಡಿಯ ನೆರಳಲ್ಲೇ ಇದ್ದು ಒಳಗೆ ಕಾಲಿಡದ ಮನುಷ್ಯ ಎಂಬುದು ವಿಷಯ. ಭಾಷಣ ಅನ್ಬರಸುವಿನದು. ಅವನಿಗೆ ಸ್ವಲ್ಪ ವಿವರ ಬೇಕಿತ್ತು.

"ಯಾವ ವರ್ಷದಿಂದ, ಏನು ಕಾರಣಕ್ಕೆ ಅಂತ ಹೇಳ್ಬೇಕಲ್ಲ. ಸುಮ್ನೆ ಹೊಗಳಿದ್ರೆ ನಮ್ಮವರು ಒಪ್ಪಲ್ಲ. ಎವಿಡೆನ್ಸ್ ಕೇಳ್ತಾರೆ."

"ವರ್ಷ ಎಲ್ಲಿ ನೆನಪಿರುತ್ತೆ ಬಿಡಿ," ಎಂದ ಶಂಕರನಾರಾಯಣ.

"ನನಗೆ ನೆನಪಿದೆ," ಎಂದಳು ಅಂಬುಜಾ, ಕಾಫಿಯ ತಟ್ಟೆ ಹಿಡಿದು ಬರುತ್ತ. ಗಂಡನ ತತ್ವದ ಬಗ್ಗೆ ಮಾತಾಡುವುದು ಅವಳಿಗೂ ಅಭ್ಯಾಸವಾಗಿತ್ತು. "ಕೃತಿ ಕಾಲೇಜು ಸೇರಿದ ವರ್ಷ, ಧನುರ್ಮಾಸ. ಅದಕ್ಕೆ ಮುಂಚೆ ಒಂದು ಶನಿವಾರ ತಪ್ಪಿಸಿದವರಲ್ಲ. ಒಂದು ವಾರ ನನಗಿಂತ ಮುಂಚೆ ಚಪ್ಪಲಿ ಹಾಕ್ಕೊಂಡು ನಿಂತಿದ್ರು, ಮುಂದಿನ ವಾರ ನಂಬಿಕೆ ಇಲ್ಲ ಅಂದ್ರು. ಅದೇ ವರ್ಷ ತಾನೇ ಆ ಜಾಕು..."

ಅವಳು ನಿಲ್ಲಿಸಿದಳು. ಟಬ್ಬಿನ ಕಡೆ ನೋಡಿದಳು. ಟಬ್ಬಿನಿಂದ ಗೋಡೆಯ ಕ್ಯಾಲೆಂಡರಿನ ಕಡೆಗೆ, ಅಲ್ಲಿಂದ ಅವನ ಮುಖಕ್ಕೆ. ಮೂವತ್ತು ವರ್ಷ ದಿನದ ಕೊನೆಗೆ ಲೆಕ್ಕ ಹೊಂದಿಸಿಯೇ ಮನೆಗೆ ಬಂದವಳ ನೋಟ ಅದು. ಸಿಂಕಿನ ವಿನೆಗರ್, ಇಲ್ಲದ ನೆಗಡಿ, ಸುಮತಿಯ ಲೋಟ ಎಲ್ಲವೂ ಅವುಗಳ ಜಾಗಕ್ಕೆ ಹೋಗಿ ಕೂತದ್ದು ಅವನಿಗೆ ಕಾಣಿಸಿತು.

"ಓ," ಎಂದಳು. ಕಾಫಿಯನ್ನು ಅನ್ಬರಸುವಿನ ಮುಂದಿಟ್ಟು ಒಳಗೆ ಹೋದಳು.

ಅನ್ಬರಸು ಸಾವಿರಾರು ಕ್ಲೇಮು ನೋಡಿದವನು. ಘಟನೆಯ ದಿನಾಂಕ, ವರದಿಯ ದಿನಾಂಕ ಹೊಂದಿಸಿ ನೋಡುವುದು ಅವನ ಅನ್ನ. ಕಾಫಿಯನ್ನು ಪೂರ್ತಿ ಕುಡಿದು, ಲೋಟವನ್ನು ಸದ್ದಾಗದಂತೆ ಇಟ್ಟ.

"ತೋಳರ್," ಎಂದ ಮೆಲ್ಲಗೆ. "ಸನ್ಮಾನ ಮುಂದಿನ ತಿಂಗಳಿಗೆ ಹಾಕ್ಕೊಳ್ಳೋಣ. ರಿಟೈರ್ಮೆಂಟ್ ಅಂತ ಮಾಡಿದ್ರಾಯ್ತು. ಟಾಪಿಕ್ ಬೇರೆ ಇಟ್ಕೊಳ್ತೀನಿ."

"ಪುಸ್ತಕ ಎಲ್ಲಾ ಓದಿದೀನಿ ಅನ್ಬರಸು. ನಿಜವಾಗ್ಲೂ."

"ಗೊತ್ತು ಸಾರ್. ಅದಕ್ಕೇ ಶಾಲು ಕ್ಯಾನ್ಸಲ್ ಮಾಡಲ್ಲ." ತೋಳರ್ ಮತ್ತೆ ಸಾರ್ ಆಗಿದ್ದ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಅನ್ಬರಸು ಒಮ್ಮೆ ತನ್ನ ಕಾಲಿನ ಬೆರಳುಗಳನ್ನು ನೋಡಿಕೊಂಡ.

ಅಡಿಗೆಮನೆಯಲ್ಲಿ ಅಂಬುಜಾ ಕುಂಬಳಕಾಯಿಯನ್ನು ಹೆಚ್ಚುತ್ತಿದ್ದಳು. ಅಷ್ಟು ಕುಂಬಳಕಾಯಿ ಇಬ್ಬರಿಗೆ ಬೇಕಿರಲಿಲ್ಲ. ಅವನು ಒದ್ದೆ ಕಾಲಿನಲ್ಲೇ ಬಾಗಿಲಲ್ಲಿ ನಿಂತ.

"ಪ್ರತಿ ಶನಿವಾರ ಅರ್ಚಕರು ಹೆಸರು ಕೇಳ್ತಾರೆ," ಎಂದಳು ಅವಳು, ಚಾಕು ನಿಲ್ಲಿಸದೆ. "ನಿಮ್ಮದೇ ಮೊದಲು ಹೇಳ್ತೀನಿ. ಹೆಸರು, ನಕ್ಷತ್ರ, ಗೋತ್ರ. ಆಮೇಲೆ ಮನಸ್ಸಲ್ಲೇ, ಅವರು ಒಳ್ಳೆಯವರು, ಏನೋ ಓದ್ಕೊಂಡು ಹೀಗಾಗಿದಾರೆ, ತಪ್ಪು ತಿಳ್ಕೋಬೇಡಪ್ಪಾ ಅಂತೀನಿ." ಒಂದು ಹೋಳನ್ನು ಬೀಜ ತೆಗೆದು ಪಾತ್ರೆಗೆ ಹಾಕಿದಳು. "ಒಂದು ಉಗುರಿನ ಪರವಾಗಿ ಇಷ್ಟು ವರ್ಷ ಕ್ಷಮೆ ಕೇಳಿದ ಹಾಗಾಯ್ತು."

"ಸಾಲಿನಲ್ಲಿ ಒಬ್ಬರು ಏನೋ ಅಂದ್ರು..."

"ಏನಂದ್ರು?"

ಅವನು ಹೇಳಿದ. ಹೆಂಗಸು, ಮಗು, ಆ ಮಾತು. ಹೇಳುತ್ತ ಹೇಳುತ್ತ ಅದು ಅವನಿಗೇ ಚಿಕ್ಕದಾಗಿ ಕೇಳಿಸಿತು. ಚಾಕು ಸ್ವಲ್ಪ ನಿಂತಿತು.

"ಒಟ್ಟಿಕ್ಕುಂ ಅಂದ್ಳಾ," ಎಂದಳು ಅಂಬುಜಾ. ಅವಳ ಮುಖದಲ್ಲಿ ಏನೋ ಹಾದುಹೋಯಿತು. ನಗುವೋ ಸಿಟ್ಟೋ ಅವನಿಗೆ ಗೊತ್ತಾಗಲಿಲ್ಲ. "ಕಾಲು ಒರೆಸ್ಕೊಳ್ಳಿ, ನೆಲ ಎಲ್ಲಾ ಎಣ್ಣೆ."

ನಾಲ್ಕು ದಿನ ಮನೆಯಲ್ಲಿ ಕುಂಬಳಕಾಯಿಯದೇ ಹುಳಿ, ಕುಂಬಳಕಾಯಿಯದೇ ಪಲ್ಯ, ಮಾತು ಅಷ್ಟಕ್ಕಷ್ಟೇ. ಮಧ್ಯೆ ಒಂದು ದಿನ ಅವನು ಯಾರೂ ಹೇಳದೆ ಚರ್ಮದ ಡಾಕ್ಟರ ಹತ್ತಿರ ಹೋಗಿ ಬಂದ. ಡಾಕ್ಟರು ಉಗುರಿಗೆ ಕಿತ್ತಳೆ ಬಣ್ಣ ಹೇಗೆ ಬಂತೆಂದು ಕೇಳಲಿಲ್ಲ. ಇಂಥವು ದಿನಕ್ಕೆಷ್ಟು ಬರುತ್ತವೋ. ಒಂದು ಚೂರು ಕತ್ತರಿಸಿ ಲ್ಯಾಬಿಗೆ ಕಳಿಸಿದರು. ಫಂಗಸ್ ಎಂದು ಖಚಿತವಾದರೆ ಲಿವರ್ ಪರೀಕ್ಷೆ ಮಾಡಿಸಿ ಮೂರು ತಿಂಗಳು ಮಾತ್ರೆ, ಉಗುರು ಸರಿಯಾಗಿ ಕಾಣಲು ಒಂದು ವರ್ಷವಾದರೂ ಬೇಕು ಎಂದರು.

ಊಟಕ್ಕೆ ಕೂತಾಗ ಅದನ್ನೆಲ್ಲ ವರದಿ ಒಪ್ಪಿಸಿದ. "ಮನೇಲಿ ಬೇರೆ ಯಾರಿಗಾದ್ರೂ ಇದೆಯಾ ಅಂತ ಕೇಳಿದ್ರು. ಬಚ್ಚಲು ಒಂದೇ ಆದ್ರೆ ಹರಡುತ್ತಂತೆ. ಇಲ್ಲ ಅಂದೆ."

"ಇನ್ನೊಂಚೂರು ಹುಳಿ ಹಾಕ್ಲಾ?" ಎಂದಳು ಅಂಬುಜಾ.

"ನಾಡಿದ್ದು ಗುಡಿಗೆ ಬರ್ತೀನಿ," ಎಂದ ಅವನು ತಟ್ಟೆ ನೋಡುತ್ತ. "ನೀನು ಕರ್ಕೊಂಡು ಹೋಗೋದಾದ್ರೆ."

ಅವಳು ಹುಳಿ ಬಡಿಸಿದಳು.

ಹುಟ್ಟುಹಬ್ಬದ ಬೆಳಿಗ್ಗೆ ಅವನು ಎಣ್ಣೆಸ್ನಾನ ಮುಗಿಸಿ ಬರುವಷ್ಟರಲ್ಲಿ ಹಾಸಿಗೆಯ ಮೇಲೆ ಜರಿಪಂಚೆ ತೆಗೆದಿಟ್ಟಿತ್ತು. ಪಂಚೆಗೆ ಕಾಲುಚೀಲ ಹೊಂದುವುದಿಲ್ಲ. ಆದರೂ ಅಭ್ಯಾಸಬಲದಿಂದ ಹಾಕಿಕೊಂಡ. ಅಂಬುಜಾ ನೋಡಿದಳು, ಬೀಗ ಎತ್ತಿಕೊಂಡಳು. ಹೂವು ಮಾರುವವರು, ಬೊಂಬೆ ಅಂಗಡಿಗಳನ್ನು ದಾಟಿ ಚಪ್ಪಲಿ ಬಿಡುವ ಜಾಗಕ್ಕೆ ಬಂದಾಗ ಬಿಸಿಲು ಏರಿತ್ತು. ಅವನು ಬೆಂಚಿನ ಮೇಲೆ ಕೂತು ಎಡಗಾಲಿನ ಚೀಲ ಬಿಚ್ಚಿದ. ಆಮೇಲೆ ಬಲಗಾಲಿನದು. ಚಪ್ಪಲಿ ಕಾಯುವ ಹೆಂಗಸು ಕಿತ್ತಳೆ ಉಗುರನ್ನು ನೋಡಿದಳು, ಟೋಕನ್ ಕೊಟ್ಟಳು, ಮುಂದಿನವರ ಕಡೆ ತಿರುಗಿದಳು.

ಸಾಲು ಹೊರಗಿನವರೆಗೂ ಇತ್ತು. ಕಲ್ಲಿನ ಮೇಲೆ ತೆಂಗಿನ ನಾರಿನ ಚಾಪೆ ಹಾಸಿ ನೀರು ಚಿಮುಕಿಸಿದ್ದರು. ಅವನು ತಲೆಯೆತ್ತದೆ ನಡೆದ. ತಲೆಯೆತ್ತದವನಿಗೆ ಕಾಲುಗಳೇ ಕಾಣುತ್ತವೆ. ಮುಂದಿದ್ದ ಮುದುಕರ ಎರಡೂ ಹೆಬ್ಬೆರಳಿನ ಉಗುರು ಕೊಂಬಿನ ಹಾಗೆ ಬಾಗಿತ್ತು. ಅವರ ಮುಂದಿನವನ ಕಿರುಬೆರಳಿಗೆ ಉಗುರೇ ಇರಲಿಲ್ಲ. ಬಿರಿದ ಹಿಮ್ಮಡಿಗಳು, ಒಂದರ ಮೇಲೊಂದು ಹತ್ತಿದ ಬೆರಳುಗಳು, ಬ್ಯಾಂಡೇಜು, ಆಣಿ, ಹಳದಿ, ಕಪ್ಪು. ವೃತ್ತಿಯ ಕಣ್ಣು ತಾನಾಗಿ ಕೆಲಸ ಶುರುಮಾಡಿತು: ಹಳೆಯ ಹಾನಿ, ಹಳೆಯ ಹಾನಿ, ಸವೆತ, ಹಳೆಯ ಹಾನಿ. ಇಡೀ ಸಾಲಿನಲ್ಲಿ ಒಂದೂ ಕ್ಲೇಮು ಪಾಸಾಗುವಂತಿರಲಿಲ್ಲ.

ಹಾಗೆ ನೋಡುತ್ತ ನೋಡುತ್ತ ಕಣ್ಣು ಪಕ್ಕಕ್ಕೆ ಬಂತು. ಅಂಬುಜಾಳ ಕಾಲಿನಲ್ಲಿ ಮರೂನ್ ಬಣ್ಣ ಇರಲಿಲ್ಲ. ಬೆಳಿಗ್ಗೆಯೇ ಉಜ್ಜಿ ತೆಗೆದಿರಬೇಕು. ಬೆರಳ ಅಂಚಿನಲ್ಲಿ ಇನ್ನೂ ಸ್ವಲ್ಪ ಕೆಂಪು ಉಳಿದಿತ್ತು. ಎಡಗಾಲಿನ ಹೆಬ್ಬೆರಳಿನ ಉಗುರು ಹಳದಿಯಾಗಿತ್ತು. ದಪ್ಪವಾಗಿತ್ತು. ಒಂದು ಮೂಲೆ ಪುಡಿಯಾಗಿತ್ತು. ಇಂದು ನಿನ್ನೆಯದಲ್ಲ. ವರ್ಷಗಳದ್ದು.

ಅವನು ಅವಳ ಮುಖ ನೋಡಿದ. ಅವಳು ಎದುರಿಗೆ, ಗೋಪುರದ ಕಡೆ ನೋಡುತ್ತಿದ್ದಳು.

"ಇದು ಯಾವಾಗಿಂದ?" ಎಂದ.

"ಮುಂದೆ ನಡೀರಿ," ಎಂದಳು ಅಂಬುಜಾ. "ಸಾಲು ಹೋಗ್ತಿದೆ."

ಹಿಂದಿನಿಂದ ಯಾರೋ ತಳ್ಳಿದರು. ಚಾಪೆ ಅಲ್ಲಿ ಕಿರಿದಾಗಿತ್ತು. ಅವಳ ಎಡಗಾಲು ಅಂಚು ದಾಟಿ ಕಾದ ಕಲ್ಲಿನ ಮೇಲೆ ಬಿದ್ದು ಹಿಂದಕ್ಕೆ ಸರಿಯಿತು. ಶಂಕರನಾರಾಯಣ ತನ್ನ ಕಾಲನ್ನು ಒತ್ತರಿಸಿ ಜಾಗ ಬಿಟ್ಟ. ಒದ್ದೆ ನಾರಿನ ಮೇಲೆ ಕಿತ್ತಳೆ ಉಗುರಿನ ಪಕ್ಕಕ್ಕೆ ಹಳದಿ ಉಗುರು ಬಂದು ನಿಂತಿತು. ಒಳಗಿನಿಂದ ಗಂಟೆ ಕೇಳಿಸಿತು, ಸಾಲು ಒಂದು ಹೆಜ್ಜೆ ಮುಂದೆ ಹೋಯಿತು.